ರಾಮಪತ್ರೆ: ಹೊಳೆದಂಡೆಯ ಕಾನಿನಲ್ಲಿ ಕಣ್ಮರೆಯಾಗುತ್ತಿರುವ ಪುಣ್ಯವೃಕ್ಷ



ಬಿಲ್ವಪತ್ರೆ ಇಲ್ಲದೆ ಶಿವನ ಪೂಜೆ ಇಲ್ಲ, ತುಳಸಿ ಇಲ್ಲದೆ ವಿಷ್ಣುವಿನ ಪೂಜೆ ಇಲ್ಲ ಎಂಬುದು ತಮಗೆಲ್ಲ ಗೊತ್ತಿರುವ ಮಾತೇ. ಆದರೆ ಶ್ರೀರಾಮನ ಹೆಸರನ್ನೇ ಹೊತ್ತ ಒಂದು ಪತ್ರೆ ಉಂಟು. ಅದೇ ರಾಮಪತ್ರೆ. ಮಲೆನಾಡಿನವರ ಬಾಯಲ್ಲಿ ಅದು ರಾಂಪತ್ರೆ. ನಮ್ಮ ಕಡೆ ಅನೇಕರಿಗೆ ಇದು ಮಸಾಲೆ ಅಂಗಡಿಯ ಸಾಮಾನು ಅಂತ ಮಾತ್ರ ಗೊತ್ತು. ಆ ಮರ ಎಲ್ಲಿ ಬೆಳೆಯುತ್ತದೆ, ಅದರ ಸುತ್ತಲ ಕಾಡು ಎಂಥದು, ಅದಕ್ಕೆ ಈಗ ಬಂದಿರುವ ಕಂಟಕವೇನು, ಬಯಲುಸೀಮೆಯ ಭಕ್ತರಾದ ನಮಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ತಿಳಿಯೋಣ.

ಹೆಸರಿನಲ್ಲಿ ಪತ್ರೆ, ಆದರೆ ಎಲೆಯಲ್ಲ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ರಾಮಪತ್ರೆ ಎಂದರೆ ಎಲೆ ಅಲ್ಲ. ಈ ಮರ ಜಾಜಿಕಾಯಿಯ ಕುಟುಂಬಕ್ಕೆ ಸೇರಿದ್ದು. ಇದರ ಶಾಸ್ತ್ರೀಯ ಹೆಸರು ಮಿರಿಸ್ಟಿಕಾ ಮಲಬಾರಿಕಾ. ಕಾಯಿ ಹಣ್ಣಾದಾಗ ತಾನಾಗಿಯೇ ಬಾಯಿ ಬಿಡುತ್ತದೆ. ಒಳಗಿನ ಬೀಜದ ಸುತ್ತ ಕೆಂಪು ಬಣ್ಣದ, ಬೆರಳು ಬೆರಳಾಗಿ ಸೀಳಿದಂತಹ ಒಂದು ಹೊದಿಕೆ ಕಾಣುತ್ತದೆ. ಆ ಹೊದಿಕೆಗೇ ಪತ್ರೆ ಎನ್ನುವುದು. ಜಾಜಿಕಾಯಿಯ ಹೊದಿಕೆ ಜಾಪತ್ರೆ, ಈ ಕಾಡುಮರದ ಹೊದಿಕೆ ರಾಮಪತ್ರೆ. ಜಾಪತ್ರೆಯಷ್ಟು ಘಮಲು ಇದಕ್ಕಿಲ್ಲ. ಆದರೂ ಬಣ್ಣ ಚೆನ್ನಾಗಿರುವುದರಿಂದ, ಬೆಲೆಯೂ ಕಡಿಮೆ ಇರುವುದರಿಂದ ಜಾಪತ್ರೆಗೆ ಬದಲಾಗಿ ಮಸಾಲೆಯಲ್ಲಿ ಸೇರಿಸುವ ವಾಡಿಕೆ ಬಹಳ ಕಾಲದಿಂದಲೂ ಇದೆ.

ಈ ಮರದ ತೊಗಟೆಗೆ ಸ್ವಲ್ಪ ಗಾಯವಾದರೂ ರಕ್ತದಂತಹ ಕೆಂಪು ರಸ ಒಸರುತ್ತದೆ. ಜಾಜಿಕಾಯಿ ಕುಟುಂಬದ ಮರಗಳ ಗುಣವೇ ಅದು. ಮರಕ್ಕೂ ಜೀವ ಉಂಟು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರಲ್ಲ, ಇಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ವಿಶೇಷ ಉಂಟು. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡುವುದು ಹೆಣ್ಣು ಮರ ಮಾತ್ರ. ಆದರೆ ಹತ್ತಿರದಲ್ಲಿ ಗಂಡು ಮರ ಇಲ್ಲದಿದ್ದರೆ ಹೆಣ್ಣು ಮರದಲ್ಲೂ ಕಾಯಿ ಕಟ್ಟುವುದಿಲ್ಲ. ಅಂದಮೇಲೆ ಒಂದೆರಡು ಮರ ಉಳಿಸಿದರೆ ಜಾತಿ ಉಳಿದಂತಾಗಲಿಲ್ಲ. ಮರಗಳ ಗುಂಪೇ ಉಳಿಯಬೇಕು.

ರಾಂಪತ್ರೆ ಜಡ್ಡಿ ಎಂದರೇನು?

ಪಶ್ಚಿಮ ಘಟ್ಟದ ಕಣಿವೆಗಳಲ್ಲಿ ಕೆಲವು ಕಡೆ ಗುಡ್ಡದ ಬುಡದ ಸಮತಟ್ಟು ಜಾಗದಲ್ಲಿ ವರ್ಷವಿಡೀ ನೀರು ಜಿನುಗುತ್ತಿರುತ್ತದೆ. ನೆಲ ಕೆಸರು, ಮೇಲೆ ದಟ್ಟ ನೆರಳು, ನಡುವೆ ತಣ್ಣಗೆ ಹರಿಯುವ ಹಳ್ಳ. ಇಂಥ ಜೌಗು ಕಾಡನ್ನು ಉತ್ತರ ಕನ್ನಡದ ಜನ ಜಡ್ಡಿ ಎನ್ನುತ್ತಾರೆ. ರಾಮಪತ್ರೆಯ ಬಳಗದ ಮರಗಳಿಗೆ ಇದೇ ತವರುಮನೆ. ರಾಮಪತ್ರೆ ಮರವು ಹಳ್ಳದ ದಂಡೆಯ ಹಸಿರು ಕಾಡಿನಲ್ಲೂ ಬೆಳೆಯುತ್ತದೆ. ಆದರೆ ಅದರ ದಾಯಾದಿಗಳಾದ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮತ್ತು ಜಿಮ್ನಕ್ರಾಂತೆರಾ ಕೆನರಿಕಾ ಎಂಬ ಮರಗಳಿಗೆ ಜಡ್ಡಿಯೇ ಬೇಕು.

ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ನಮ್ಮ ಹೊಲದಲ್ಲಿ ಎಂಟು ದಿನ ನೀರು ನಿಂತರೆ ಗಿಡ ಹಳದಿಯಾಗಿ ಬಾಡುವುದನ್ನು ನೋಡೇ ಇರ್ತೀರಿ. ಈ ಮರಗಳು ಅದಕ್ಕೆ ಉಪಾಯ ಕಂಡುಕೊಂಡಿವೆ. ಮ್ಯಾಗ್ನಿಫಿಕಾ ಮರವು ಕಾಂಡದಿಂದ ಸುತ್ತಲೂ ಊರುಗೋಲಿನಂತಹ ಬೇರು ಇಳಿಬಿಡುತ್ತದೆ. ಕೆನರಿಕಾ ಮರದ ಬೇರು ಕೆಸರಿನಿಂದ ಮೇಲೆದ್ದು, ಕುಳಿತವನ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಹೀಗೆ ಹೊರಗೆ ಕಾಣುವ ಭಾಗದಿಂದ ಬೇರು ಉಸಿರಾಡುತ್ತದೆ. ಹೂ ಬಿಡುವ ಮರಗಳಲ್ಲೇ ಅತಿ ಪುರಾತನವಾದ ವಂಶಗಳಲ್ಲಿ ಇದೂ ಒಂದು ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು.

ಕೃಷ್ಣಮೂರ್ತಿ ಎಂಬ ಅರಣ್ಯ ವಿದ್ವಾಂಸರು 1960ರಲ್ಲಿ ತಿರುವಾಂಕೂರು ಭಾಗದ ಇಂತಹ ಜೌಗು ಕಾಡುಗಳ ಬಗ್ಗೆ ಬರೆದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಅವರು ಭಾರತದ ಕಾಡುಗಳನ್ನು ವಿಂಗಡಿಸಿದಾಗ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ನಮ್ಮ ಉತ್ತರ ಕನ್ನಡದ ಜಡ್ಡಿಗಳ ಬಗ್ಗೆ ಕುಮಟೆಯ ಡಾ. ಎಂ. ಡಿ. ಸುಭಾಷಚಂದ್ರನ್ ಮತ್ತು ಸಂಗಡಿಗರು 1999ರಲ್ಲಿ ವಿವರವಾದ ಲೇಖನ ಪ್ರಕಟಿಸಿದರು.

ಕತ್ತಲೆಕಾನಿನ ಮಹಿಮೆ

ನಮ್ಮ ಭಾಗದ ಭಕ್ತರು ಇಡಗುಂಜಿ, ಮುರ್ಡೇಶ್ವರ, ಗೋಕರ್ಣ ಯಾತ್ರೆಗೆ ಹೋಗುವಾಗ ಶಿವಮೊಗ್ಗ, ಸಾಗರ, ತಾಳಗುಪ್ಪ ದಾಟಿ, ಮಾವಿನಗುಂಡಿಯ ಮೇಲೆ ಹೊನ್ನಾವರದ ಘಾಟಿ ಇಳಿಯುತ್ತಾರೆ. ಆ ದಾರಿಯಲ್ಲೇ ಸಿದ್ದಾಪುರ ತಾಲೂಕಿಗೆ ಸೇರಿದ ಕತ್ತಲೆಕಾನು ಸಿಗುತ್ತದೆ. ಕಾನು ಎಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ಹೆಸರೇ ಹೇಳುವಂತೆ ಮಟಮಟ ಮಧ್ಯಾಹ್ನವೂ ಅಲ್ಲಿ ಒಳಗೆ ಕತ್ತಲೆ. ಬಸ್ಸಿನ ಕಿಟಕಿಯಿಂದ ನೋಡಿ ಕಾಡು ಅಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ಆ ಕಾಡಿನ ಒಳಗೆ ಇರುವುದು ಬೇರೆಲ್ಲೂ ಸುಲಭಕ್ಕೆ ಸಿಗದ ಸಂಪತ್ತು.

ಆ ಘಾಟಿಯ ಪಕ್ಕದಲ್ಲೇ ಹರಿಯುವುದು ಶರಾವತಿ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಶ್ರೀರಾಮನು ಅಂಬು ಬಿಟ್ಟು ನೀರು ಚಿಮ್ಮಿಸಿದನೆಂದು, ಆ ಶರದಿಂದ ಹುಟ್ಟಿದ್ದರಿಂದಲೇ ಶರಾವತಿ ಎಂಬ ಹೆಸರು ಬಂತೆಂದು ಸ್ಥಳಪುರಾಣ ಹೇಳುತ್ತದೆ. ರಾಮನ ಬಾಣದಿಂದ ಹುಟ್ಟಿದ ಹೊಳೆ, ಅದರ ಕಣಿವೆಯಲ್ಲಿ ರಾಮನ ಹೆಸರಿನ ಮರ! ಉತ್ತರಕ್ಕೆ ಹರಿಯುವ ಇನ್ನೊಂದು ಹೊಳೆ ಅಘನಾಶಿನಿ. ಅಘ ಎಂದರೆ ಪಾಪ. ಪಾಪ ಕಳೆಯುವ ಹೊಳೆ ಅದು.

2000ನೇ ಇಸವಿಯಲ್ಲಿ ಈ ಕತ್ತಲೆಕಾನಿನ ಜಡ್ಡಿಯಿಂದ ಲೋಕಕ್ಕೇ ಹೊಸದಾದ ಒಂದು ಮರದ ವರದಿ ಬಂತು. ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ವಿದ್ವಾಂಸರು ಅದಕ್ಕೆ ಊರಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ನಾಮಕರಣ ಮಾಡಿದರು. ನಮ್ಮ ಕಡೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಮರ ಉಂಟಲ್ಲ, ಅದರ ಸಂಬಂಧಿ ಇದು. ಆಗ ಲೆಕ್ಕಕ್ಕೆ ಸಿಕ್ಕ ಬೆಳೆದ ಮರಗಳು ನೂರನ್ನೂ ಮುಟ್ಟಲಿಲ್ಲ. ಒಂದು ಊರಿನ ತೇರಿಗೆ ಸೇರುವ ಜನರ ಸಂಖ್ಯೆ ಎಷ್ಟು, ಒಂದು ಜಾತಿಯ ಮರಗಳ ಸಂಖ್ಯೆ ಎಷ್ಟು ಎಂದು ಸ್ವಲ್ಪ ಯೋಚಿಸಿ ನೋಡಿ.

ಇನ್ನೂ ಕೇಳಿ. ನಮ್ಮ ಹಿಪ್ಪೆಯ ಸಂಬಂಧಿ ಒಂದು, ನೇರಳೆಯ ಸಂಬಂಧಿ ಒಂದು, ಹೀಗೆ ಎರಡು ಅತಿ ಅಪರೂಪದ ಮರಗಳು ದಕ್ಷಿಣದ ಕೇರಳದ ಕಡೆ ಮಾತ್ರ ಇವೆ ಎಂದು ತಿಳಿದಿದ್ದರು. ಅವು ಅಲ್ಲಿಂದ ನೂರಾರು ಕಿಲೋಮೀಟರ್ ಉತ್ತರಕ್ಕೆ, ಉತ್ತರ ಕನ್ನಡದ ಕಾನುಗಳಲ್ಲೂ ಬದುಕಿವೆ ಎಂಬ ವರದಿ 2008ರಲ್ಲಿ ಪ್ರಕಟವಾಯಿತು. ಹಿಪ್ಪೆ, ನೇರಳೆ, ಕೇರು ಇವೆಲ್ಲ ನಮ್ಮ ಬಯಲುಸೀಮೆಯ ಮರಗಳೇ. ಅವುಗಳ ಅಣ್ಣತಮ್ಮಂದಿರು ಆ ಕತ್ತಲೆಯ ಕಾಡಿನಲ್ಲಿ ಉಸಿರು ಹಿಡಿದುಕೊಂಡು ಕೂತಿದ್ದಾರೆ.

ಕಾಡನ್ನು ಕಾದವರು ಯಾರು?

ಇಷ್ಟು ಕಾಲ ಈ ಕಾಡು ಉಳಿದದ್ದು ಹೇಗೆ? ಸರ್ಕಾರದ ಕಾನೂನು ಬರುವುದಕ್ಕೆ ಮೊದಲೇ ಅಲ್ಲಿ ದೇವರ ಕಾನೂನು ಇತ್ತು. ಚೌಡಿ, ಜಟಕ, ಭೂತಪ್ಪ, ಹುಲಿದೇವರು, ಹೀಗೆ ಊರೂರಿನ ದೇವತೆಗಳ ಹೆಸರಿನಲ್ಲಿ ಕಾನುಗಳನ್ನು ಬಿಟ್ಟಿದ್ದರು. ಅಲ್ಲಿ ಕೊಡಲಿ ಹಾಕುವಂತಿರಲಿಲ್ಲ. ಕಾಳುಮೆಣಸು, ಬಿದ್ದ ಹಣ್ಣು, ಒಣಗಿದ ಕಟ್ಟಿಗೆ ತಂದುಕೊಳ್ಳಬಹುದಿತ್ತು, ಹಸಿಮರ ಕಡಿಯುವಂತಿರಲಿಲ್ಲ. ಸೊರಬ ತಾಲೂಕಿನ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದಾರೆ. ಹೊನ್ನಾವರ ತಾಲೂಕಿನಲ್ಲಿ ಕರಿಕಾನಮ್ಮನ ಬೆಟ್ಟ ಉಂಟು. ನಮ್ಮ ರಾಮಗಿರಿಯ ಹಾಗೆಯೇ ಅದೂ ಬೆಟ್ಟದ ಮೇಲಿನ ಸನ್ನಿಧಿ. ಕರಿಕಾನು ಎಂದರೆ ಕಪ್ಪಗೆ ಕಾಣುವಷ್ಟು ದಟ್ಟವಾದ ಕಾಡು. ಅಲ್ಲಿ ದೇವಿಯ ಹೆಸರೇ ಕಾಡಿನ ಹೆಸರು. ಅಮ್ಮನ ಭಯಭಕ್ತಿಯಿಂದ ಅಲ್ಲಿ ಮುಗಿಲೆತ್ತರದ ಅಪರೂಪದ ಮರಗಳು ಉಳಿದುಕೊಂಡಿವೆ.

ಆದರೆ ಒಂದು ಕಹಿ ಮಾತನ್ನೂ ಹೇಳಲೇಬೇಕು. ನಾಡಿನ ಎಷ್ಟೋ ಕಡೆ ದೇವರಕಾಡಿನ ಮರದ ಬುಡದಲ್ಲಿದ್ದ ಕಲ್ಲಿಗೆ ಗುಡಿ ಆಯಿತು. ಗುಡಿಗೆ ಮಂಟಪ ಬೇಕಾಯಿತು, ಮಂಟಪಕ್ಕೆ ಅಂಗಳ, ಅಂಗಳಕ್ಕೆ ವಾಹನ ನಿಲ್ಲಿಸುವ ಜಾಗ. ಕೊನೆಗೆ ದೇವರು ಸಿಮೆಂಟಿನ ಒಳಗೆ ಕೂತ, ಕಾಡು ಹೋಯಿತು. ಭಕ್ತಿಯಿಂದಲೇ ಮಾಡಿದ ಕೆಲಸ ಇದು, ಯಾರನ್ನೂ ದೂರಿ ಪ್ರಯೋಜನವಿಲ್ಲ. ಆದರೆ ಕಾಡೇ ದೇವರ ಮನೆಯಾಗಿದ್ದಾಗ, ಮನೆ ಕೆಡವಿ ದೇವರಿಗೆ ಮನೆ ಕಟ್ಟಿಕೊಟ್ಟೆವು ಎಂದರೆ ಏನರ್ಥ? ಜೀರ್ಣೋದ್ಧಾರ ಮಾಡುವ ಪ್ರತಿಯೊಂದು ಸಮಿತಿಯೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಈಗ ಬಂದಿರುವ ಕಂಟಕಗಳು

ಒಂದನೆಯದು, ಜಡ್ಡಿಯ ನೆಲವೇ ಹೋದದ್ದು. ವರ್ಷವಿಡೀ ನೀರಿರುವ ಸಮತಟ್ಟು ಕಣಿವೆ ಎಂದರೆ ಅಡಿಕೆ ತೋಟಕ್ಕೂ ಗದ್ದೆಗೂ ಹೇಳಿ ಮಾಡಿಸಿದ ಜಾಗ. ಶತಮಾನಗಳಿಂದ ಇಂತಹ ಕಣಿವೆಗಳು ತೋಟವಾಗುತ್ತಾ ಬಂದಿವೆ. ಹೊಳಲ್ಕೆರೆ ಸೀಮೆಯ ಅಡಿಕೆ ಬೆಳೆಗಾರರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ವಿಚಿತ್ರವೆಂದರೆ, ಕೆಳಗಿನ ತೋಟಕ್ಕೆ ಬೇಸಿಗೆಯಲ್ಲೂ ನೀರು ಬರುವುದು ಮೇಲಿನ ಜಡ್ಡಿ ಇರುವುದರಿಂದ. ಮೇಲಿನ ಜಡ್ಡಿಯನ್ನೂ ತೋಟ ಮಾಡಿದರೆ ಕೆಳಗಿನ ತೋಟಕ್ಕೇ ನೀರಿಲ್ಲ.

ಎರಡನೆಯದು, ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ನಾಡಿಗೆ ಬೆಳಕು ಬಂತು ನಿಜ. ಆದರೆ ಶರಾವತಿಯ ಮೇಲ್ಕಣಿವೆಯ ಊರು, ಗದ್ದೆ, ಹೊಳೆದಂಡೆಯ ಕಾಡು ನೀರಿನ ಕೆಳಗೆ ಹೋದವು. ಮನೆಯ ದೀಪ ಹಚ್ಚುವಾಗ ಆ ತ್ಯಾಗ ನೆನಪಿರಬೇಕು.

ಮೂರನೆಯದು, ಹಸಿಗಾಯಿ ಕೊಯ್ಲು. ರಾಮಪತ್ರೆಗೆ ಪೇಟೆಯಲ್ಲಿ ಬೆಲೆ ಇದೆ. ಕಾಡಂಚಿನ ಬಡವರಿಗೆ ಅದರಿಂದ ನಾಲ್ಕು ಕಾಸು ಸಿಗುತ್ತದೆ, ಅದನ್ನು ತಪ್ಪೆನ್ನಲಾಗದು. ಆದರೆ ಕಾಡಿನ ಮರ ಯಾರದ್ದೂ ಅಲ್ಲವಲ್ಲ! ನಾನು ಹಣ್ಣಾಗುವ ತನಕ ಕಾದರೆ ಇನ್ನೊಬ್ಬ ಕೊಯ್ದುಕೊಂಡು ಹೋಗ್ತಾನೆ ಎಂಬ ಆತುರಕ್ಕೆ ಬಲಿಯದ ಕಾಯನ್ನೇ ಬಡಿಯುತ್ತಾರೆ, ಕೆಲವು ಕಡೆ ಕೊಂಬೆಯನ್ನೇ ಕಡಿಯುತ್ತಾರೆ. ಇದರಿಂದ ಮೂರು ನಷ್ಟ. ಬಲಿಯದ ಪತ್ರೆಗೆ ಒಳ್ಳೆಯ ಬೆಲೆ ಇಲ್ಲ. ಎಳೆಯ ಬೀಜ ಮೊಳೆಯುವುದಿಲ್ಲ. ಹಣ್ಣನ್ನೇ ನಂಬಿದ ಪಕ್ಷಿ ಪ್ರಾಣಿಗಳಿಗೆ ಆಹಾರವಿಲ್ಲ.

ಈ ಮೂರನೇ ನಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀಜ ದೊಡ್ಡದು, ಗಾಳಿಯಲ್ಲಿ ಹಾರುವಂಥದ್ದಲ್ಲ. ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ಬೀಜವನ್ನು ನುಂಗಿ, ದೂರ ಹೋಗಿ ಉಗುಳುತ್ತದೆ. ಹೀಗೆ ಹೊಸ ಜಾಗದಲ್ಲಿ ಸಸಿ ಹುಟ್ಟುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕಕ್ಕೂ ಈ ಕಾಡಿನ ಹಣ್ಣುಗಳೇ ಆಹಾರ. ಮರ ಹಕ್ಕಿಗೆ ಊಟ ಕೊಡುತ್ತದೆ, ಹಕ್ಕಿ ಮರದ ಮಕ್ಕಳನ್ನು ಹೊತ್ತು ಸಾಗಿಸುತ್ತದೆ. ಪತ್ರೆಯನ್ನು ಪೂರಾ ನಾವೇ ಕೊಯ್ದರೆ ಆ ಕೊಡುಕೊಳ್ಳುವ ಸಂಬಂಧ ಕಡಿದುಹೋಗುತ್ತದೆ. ಕಪಿಸೇನೆಯ ನೆರವಿನಿಂದ ಸೇತುವೆ ಕಟ್ಟಿಸಿದ ರಾಮನ ಹೆಸರಿನ ಮರಕ್ಕೆ ಇಂದಿಗೂ ಕಪಿಗಳ, ಪಕ್ಷಿಗಳ ನೆರವು ಬೇಕು ಎಂಬುದು ಎಷ್ಟು ಅರ್ಥಪೂರ್ಣ ನೋಡಿ.

ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ರಾಮಪತ್ರೆಯ ಹೆಸರೂ, ಜಡ್ಡಿಯ ಮ್ಯಾಗ್ನಿಫಿಕಾ ಮರದ ಹೆಸರೂ ಸೇರಿವೆ. ಕೆಂಪು ಪಟ್ಟಿ ಎಂದರೆ ಅಪಾಯದಲ್ಲಿರುವ ಜೀವಿಗಳ ಪಟ್ಟಿ.

ಉಳಿಸುವ ಕೆಲಸ ಹೇಗೆ ನಡೆದಿದೆ?

ಸಂತೋಷದ ಸಂಗತಿಯೂ ಇದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ವಾಂಸರು ಕತ್ತಲೆಕಾನಿನ ಆ ಅಪರೂಪದ ಕೇರು ಜಾತಿಯ ಮರಗಳನ್ನು ಒಂದೊಂದಾಗಿ ಗುರುತಿಸಿ ಅಧ್ಯಯನ ಮಾಡಿದರು. ಬೀಜ ಮೊಳೆಸಿ, ಸಸಿ ಬೆಳೆಸಿ, ಅವುಗಳನ್ನು ತಿರುಗಿ ಜಡ್ಡಿಗೆ ಸೇರಿಸುವ ಕೆಲಸ ಮಾಡಿದರು.

ಇದು ಹೇಳಿದಷ್ಟು ಸುಲಭವಲ್ಲ. ರಾಗಿ, ಜೋಳದ ಬೀಜವನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ಜಡ್ಡಿಯ ಮರಗಳ ಬೀಜ ಹಾಗಲ್ಲ, ಒಣಗಿತೆಂದರೆ ಸತ್ತೇಹೋಯಿತು. ನಮ್ಮ ನೇರಳೆ ಬೀಜವೂ ಇದೇ ಜಾತಿಯದು, ಹಣ್ಣು ತಿಂದು ಉಗುಳಿದ ಬೀಜವನ್ನು ಆ ಮಳೆಗಾಲದಲ್ಲೇ ಹಾಕಬೇಕು, ಮುಂದಿನ ವರ್ಷಕ್ಕೆ ಇಟ್ಟರೆ ಮೊಳೆಯುವುದಿಲ್ಲ. ಆದ್ದರಿಂದ ಇಂತಹ ಮರಗಳ ಬೀಜವನ್ನು ಡಬ್ಬಿಯಲ್ಲಿ ತುಂಬಿ ಕಾಪಾಡಲು ಬರುವುದಿಲ್ಲ. ಮರ ಇರುವ ಕಾಡನ್ನೇ ಕಾಪಾಡಬೇಕು. ಬೇರೆ ದಾರಿ ಇಲ್ಲ.

2011ರಲ್ಲಿ ಕತ್ತಲೆಕಾನು ಸೇರಿದ ಪ್ರದೇಶವನ್ನು ಸರ್ಕಾರವು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿಸಿ ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಸಿಂಗಳೀಕಕ್ಕೆ ಕೊಟ್ಟ ಅಭಯ ರಾಮಪತ್ರೆಗೂ ಅಭಯವಾಯಿತು. ಆದರೂ ಕಾಗದದ ಮೇಲಿನ ರಕ್ಷಣೆ ನಿಜವಾಗುವುದು ಆ ಊರಿನ ಜನ ಕೈಗೂಡಿಸಿದಾಗಲೇ. ಹಣ್ಣಾದ ಮೇಲೆಯೇ ಕೊಯ್ಯುವುದು, ಮರಕ್ಕೆ ಸ್ವಲ್ಪ ಹಣ್ಣು ಬಿಡುವುದು, ಕೊಂಬೆ ಕಡಿಯದಿರುವುದು ಎಂಬ ಕಟ್ಟಳೆಯನ್ನು ಊರೇ ಸೇರಿ ಮಾಡಿಕೊಂಡರೆ ಬಡವರ ಹೊಟ್ಟೆಯೂ ತುಂಬುತ್ತದೆ, ಮರವೂ ಉಳಿಯುತ್ತದೆ.

ನಮಗೇನು ಸಂಬಂಧ?

“ಸ್ವಾಮೀ, ಅದು ಮಲೆನಾಡು. ನಮ್ಮದು ಕಲ್ಲುಗುಡ್ಡದ ಬರಗಾಲದ ಸೀಮೆ. ನಮಗೂ ಅದಕ್ಕೂ ಏನ್ ಸಂಬಂಧ ರೀ?” ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ.

ಸಂಬಂಧ ಇದೆ. ಹೊಸದುರ್ಗ, ಹಿರಿಯೂರು ಸೀಮೆಯ ಜೀವನದಿ ವೇದಾವತಿ. ಅದು ಹುಟ್ಟುವುದು ಬಾಬಾಬುಡನ್ ಗಿರಿಯ ಮಲೆನಾಡಿನಲ್ಲಿ, ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳಾಗಿ. ಹಿರಿಯೂರಿನ ಬಳಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ಅಜ್ಜ ಕಂಡ ಕೋಡಿಯನ್ನು ಮೊಮ್ಮಗ ಕಂಡಂತಾಯಿತು! ಆ ದಿನ ಕೋಡಿಯ ನೀರಿಗೆ ಜನ ಕೈಮುಗಿದರು. ನೀರಿನ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಕೆರೆ ತುಂಬಬೇಕಾದರೆ ಮೇಲಿನ ಕಾಡು ಇರಬೇಕು, ನಡುವಿನ ಹಳ್ಳದ ದಂಡೆಯಲ್ಲಿ ಮರ ಇರಬೇಕು, ಹಳ್ಳದ ಒಳಗೆ ಮರಳು ಇರಬೇಕು. ಮರದ ಬೇರು ದಂಡೆಯ ಮಣ್ಣನ್ನು ಹಿಡಿಯುತ್ತದೆ, ನೆರಳು ನೀರು ಆರದಂತೆ ಕಾಯುತ್ತದೆ, ಉದುರಿದ ಎಲೆ ಮೀನಿಗೂ ಹುಳಕ್ಕೂ ಆಹಾರವಾಗುತ್ತದೆ, ಮರಳು ನೀರನ್ನು ಹೀರಿ ಸುತ್ತಲ ಬಾವಿಗೆ ಕೊಡುತ್ತದೆ. ಕತ್ತಲೆಕಾನಿನ ಜಡ್ಡಿ ಮಾಡುವ ಕೆಲಸವನ್ನೇ ನಮ್ಮ ಹಳ್ಳದ ದಂಡೆಯ ಮರಗಳು ಚಿಕ್ಕ ಪ್ರಮಾಣದಲ್ಲಿ ಮಾಡುತ್ತವೆ.

ಹಾಗಂತ ರಾಮಪತ್ರೆಯ ಸಸಿ ತಂದು ಇಲ್ಲಿ ನೆಡಬೇಡಿ. ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆಯ ಕಾಡಿನ ಮರ ನಮ್ಮ ಬಿಸಿಲಿಗೆ ಬದುಕುವುದಿಲ್ಲ, ಒಂದು ಸಸಿ ವೃಥಾ ಸಾಯುತ್ತದೆ. ಆಯಾ ನೆಲದ ಮರ ಆಯಾ ನೆಲಕ್ಕೇ ಚೆಂದ. ನಮ್ಮ ಹಳ್ಳದ ದಂಡೆಗೆ ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ. ಗುಡ್ಡದ ಬುಡಕ್ಕೆ ಬೇವು, ಹಿಪ್ಪೆ, ಬಿಲ್ವ. ಇವೇ ನಮ್ಮ ಕಾನು.

ಭಕ್ತರು ಪಾಲಿಸಬೇಕಾದ ನಿಯಮಗಳು

1. ಘಟ್ಟದ ಯಾತ್ರೆಗೆ ಹೋದಾಗ ಕತ್ತಲೆಕಾನಿನಂತಹ ಕಾಡಿನ ಪಕ್ಕ ವಾಹನ ನಿಲ್ಲಿಸಿ ಅಡುಗೆ ಮಾಡುವುದು, ಬೆಂಕಿ ಹಾಕುವುದು, ಎಲೆ ಲೋಟ ಎಸೆಯುವುದು ಬೇಡ. ಮಂಗಗಳಿಗೆ, ಸಿಂಗಳೀಕಗಳಿಗೆ ತಿಂಡಿ ಹಾಕಬೇಡಿ. ತಿಂಡಿಯ ಆಸೆಗೆ ರಸ್ತೆಗೆ ಬಂದ ಪ್ರಾಣಿ ಗಾಲಿಗೆ ಸಿಗುತ್ತದೆ.

2. ಅಪರೂಪದ ಗಿಡ ಎಂದು ಕಾಡಿನಿಂದ ಸಸಿ ಕಿತ್ತು ತರಬೇಡಿ. ಮನೆಯಂಗಳದಲ್ಲಿ ಅದು ಬದುಕದು, ಕಾಡಿನಲ್ಲಿ ಒಂದು ಕಡಿಮೆಯಾಯಿತು ಅಷ್ಟೆ.

3. ಹರಕೆ ಹೊತ್ತವರು ತೆಂಗಿನಕಾಯಿ, ಗಂಟೆಯ ಜೊತೆಗೆ ಒಂದು ಮರದ ಹರಕೆಯನ್ನೂ ಹೊರಬಹುದು. ಮುಂಗಾರಿನ ಮೊದಲ ಹದ ಮಳೆಗೆ ಊರಿನ ಹಳ್ಳದ ದಂಡೆಯಲ್ಲಿ ಒಂದು ಹೊಂಗೆಯೋ ನೇರಳೆಯೋ ನೆಟ್ಟು, ಮೂರು ಬೇಸಿಗೆ ನೀರು ಹಾಕಿ, ದನ ಕುರಿ ಬಾಯಿ ಹಾಕದಂತೆ ಮುಳ್ಳು ಕಟ್ಟಬೇಕು. ನೆಟ್ಟ ದಿನಕ್ಕೆ ಹರಕೆ ತೀರುವುದಿಲ್ಲ, ಮೂರನೇ ಬೇಸಿಗೆ ದಾಟಿದ ದಿನ ತೀರುತ್ತದೆ.

4. ಬಿಲ್ವಪತ್ರೆ ಬೇಕೆಂದು ಕೊಂಬೆ ಮುರಿಯಬೇಡಿ. ಎಲೆ ಬಿಡಿಸಿಕೊಳ್ಳಿ. ಹಸಿಕೊಂಬೆ ಮುರಿದು ತಂದ ಪತ್ರೆ ಶಿವನಿಗೆ ಪ್ರಿಯವಾದೀತೇ?

5. ಊರಿನ ಗುಡಿಯ ಜೀರ್ಣೋದ್ಧಾರಕ್ಕೆ ಕೂತಾಗ, ಹಳೆಯ ಮರ ಉಳಿಯುವಂತೆ ನಕ್ಷೆ ಹಾಕಿಸಿ. ಕಂಬ ಒಂದು ಮಾರು ಸರಿದರೆ ದೇವರಿಗೆ ಕೋಪ ಬರುವುದಿಲ್ಲ.

6. ಮಕ್ಕಳಿಗೆ ಊರ ಸುತ್ತಲಿನ ಹತ್ತು ಮರಗಳ ಹೆಸರನ್ನಾದರೂ ಕಲಿಸಿ. ಹೆಸರೇ ಗೊತ್ತಿಲ್ಲದ ಮರ ಹೋದರೆ ಹೋದದ್ದೂ ಗೊತ್ತಾಗುವುದಿಲ್ಲ.

ಪಾಠದ ಸಾರ

ರಾಮಪತ್ರೆ ಒಂದು ಮಸಾಲೆ ಸಾಮಾನು ಮಾತ್ರವಲ್ಲ, ಹೊಳೆಯ ಹುಟ್ಟನ್ನು ಕಾಯುವ ಕಾಡಿನ ಮರ. ಗಂಡು ಹೆಣ್ಣು ಬೇರೆಯಾದ್ದರಿಂದ ಅದು ಗುಂಪಾಗಿ ಉಳಿಯಬೇಕು. ಬೀಜ ಒಣಗಿಸಿ ಇಡಲು ಬಾರದ್ದರಿಂದ ಕಾಡಿನಲ್ಲೇ ಉಳಿಯಬೇಕು. ಬೀಜ ಹೊರುವ ಹಕ್ಕಿ, ಪ್ರಾಣಿ ಬೇಕಾದ್ದರಿಂದ ಅವುಗಳ ಜೊತೆಯಲ್ಲೇ ಉಳಿಯಬೇಕು. ಹಿಂದಿನವರು ಅದನ್ನು ಭಕ್ತಿಯಿಂದ ಕಾದರು. ಇಂದಿನವರಾದ ನಮ್ಮಲ್ಲಿ ಭಕ್ತಿಯ ಜೊತೆಗೆ ತಿಳಿವಳಿಕೆಯೂ ಇದೆ. ಎರಡೂ ಇದ್ದು ಕಳೆದುಕೊಂಡರೆ ಮುಂದಿನ ಪೀಳಿಗೆಗೆ ನಾವು ಹೇಳುವ ಸಬೂಬು ಯಾವುದೂ ಇರುವುದಿಲ್ಲ.

ಬೆಟ್ಟ ಇಳಿಯುವಾಗ ಒಂದು ಕ್ಷಣ ನಿಂತು ಸುತ್ತಲ ಸೀಮೆಯನ್ನು ನೋಡಿ. ಎಲ್ಲಿ ಹಸಿರಿನ ಗೆರೆ ಕಾಣುತ್ತದೋ ಅಲ್ಲಿ ಹಳ್ಳ ಇದೆ ಎಂದು ತಿಳಿಯಿರಿ. ಆ ಗೆರೆ ಅಳಿಯದಂತೆ, ಇನ್ನಷ್ಟು ದಪ್ಪವಾಗುವಂತೆ ಮಾಡುವ ಶಕ್ತಿಯನ್ನು ಶ್ರೀ ಕರಿಸಿದ್ದೇಶ್ವರ ಸ್ವಾಮಿಯು ನಮ್ಮೆಲ್ಲರಿಗೂ ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.